ಬೇರು ಕಿತ್ತು ನೋಡೋ ಬೊಮ್ಮಕ್ಕ

ಒಂದಾನೊಂದು ಕಾಲದಲ್ಲಿ, ಅದೆಷ್ಟು ಹಳೇ ಕಾಲ ಅಂದ್ರೆ ಊರುಗಳಿಗೆ ಹೆಸರೇ ಇನ್ನೂ ಸರಿಯಾಗಿ ಅಂಟ್ಕೊಂಡಿರಲಿಲ್ಲ, ಆ ಕಾಲದಲ್ಲಿ ಹನ್ನೆರಡು ಒಕ್ಕಲು ಜನ ಹನ್ನೆರಡು ಎತ್ತಿನ ಗಾಡೀಲಿ ಗಂಟುಮೂಟೆ ಹೇರ್ಕೊಂಡು ದಾರಿ ಮೇಲೇ ಇದ್ರಂತೆ. ಹೂಂ ಅಂತಿರು ಮಗಾ, ನೀನು ಹೂಂಗುಟ್ಟದಿದ್ರೆ ನನ್ನ ಕತೆ ಮುಂದಕ್ಕೆ ಹೋಗಲ್ಲ. ಅವರಿಗೂ ಒಂದು ಊರಿತ್ತಂತೆ, ಹೊಳೆ ದಂಡೇಲಿ, ಕೈ ಊರಿದ್ರೆ ಮಣಿಕಟ್ಟಿನ ತನಕ ಇಳಿಯೋ ಕರೀ ಮಣ್ಣಿನ ಊರು. ಒಂದು ವರ್ಷ ಹೊಳೆ ತನ್ನ ದಾರಿ ಬಿಟ್ಟು ಊರ ಮೇಲೇ ಹರಿದುಬಿಡ್ತು, ಹೊಲ, ಮನೆ, ಕೊಟ್ಟಿಗೆ ಎಲ್ಲಾ ನೀರು ಪಾಲಾಯ್ತು. ಆಮೇಲೆ ಅವರು ಗಾಡಿ ಹೂಡ್ಕೊಂಡು ಹೊರಟ್ರಂತೆ. ಮೊದಲನೇ ಊರಲ್ಲಿ ಬೀಡು ಬಿಟ್ರೆ ನಮ್ಮ ಬಾವಿ ನೀರು ನಮಗೇ ಸಾಲದು ಅಂತ ಎಬ್ಬಿಸಿದ್ರಂತೆ, ಎರಡನೇ ಊರಲ್ಲಿ ನಮ್ಮ ದನಕ್ಕೇ ಮೇವಿಲ್ಲ ಅಂತ ಎಬ್ಬಿಸಿದ್ರಂತೆ, ಮೂರನೇ ಊರಲ್ಲಿ ಯಾಕೆ ಏನು ಅಂತಾನೂ ಹೇಳದೆ ಎಬ್ಬಿಸಿದ್ರಂತೆ. ಹಿಂಗೇ ವರ್ಷಗಟ್ಟಲೆ.

ಆ ಗಾಡಿಗಳಲ್ಲಿ ಒಂದು ಕೆಂಚವ್ವ ಅನ್ನೋಳದು. ಅವಳಿಗೆ ಮೂರು ಮಕ್ಕಳು. ದೊಡ್ಡೋನು ದಾಸಯ್ಯ, ಗುಡ್ಡ ತಳ್ಳು ಅಂದ್ರೆ ಹೆಗಲು ಕೊಡೋ ಅಂಥ ಆಳು. ಎರಡನೇನು ಕೆಂಗಪ್ಪ, ಅವನದು ತಲೆ ಓಡೋ ಜಾತಿ, ಕೂತಲ್ಲೇ ನೂರು ಉಪಾಯ ಹೇಳೋನು. ಮೂರನೇಳೇ ನಮ್ಮ ಬೊಮ್ಮಕ್ಕ. ಈ ಬೊಮ್ಮಕ್ಕ ಹುಟ್ಟಿದ್ದೇ ಗಾಡಿ ಉರುಳ್ತಿರುವಾಗಂತೆ. ಅದಕ್ಕೋ ಏನೋ, ನಿಂತಲ್ಲಿ ನಿಲ್ಲೋಳಲ್ಲ, ಕೂತಲ್ಲಿ ಕೂರೋಳಲ್ಲ. ಊಟಕ್ಕೆ ಕೂತ್ರೆ ಮೂರು ಸಲ ಏಳೋಳು. ಬೆಂದಿತೋ ಇಲ್ವೋ ಅಂತ ಒಲೆ ಮೇಲಿನ ಮಡಕೆ ಮುಚ್ಚಳ ಹತ್ತು ಸಲ ತೆಗೆದು ನೋಡೋಳು, ಅನ್ನ ಬೇಯ್ತಾನೇ ಇರಲಿಲ್ಲ. ನಿನ್ನ ಅಂಗಾಲಲ್ಲಿ ಇರುವೆ ಗೂಡು ಕಟ್ಟಿದೆ ಕಣೇ ಅಂತ ಕೆಂಚವ್ವ ಬಯ್ಯೋಳಂತೆ.

ಬೊಮ್ಮಕ್ಕಂಗೆ ಹದಿಮೂರು ತುಂಬೋ ಹೊತ್ತಿಗೆ ಅವಳ ಅಪ್ಪ ದಾರೀಲೇ ಜ್ವರ ಬಂದು ತೀರ್ಕೊಂಡ. ದಾರಿ ಪಕ್ಕದಲ್ಲೇ ಗುಂಡಿ ತೋಡಿ ಮಣ್ಣು ಮಾಡಿ, ಮಾರನೇ ದಿನ ಗಾಡಿ ಹೊಡ್ಕೊಂಡು ಮುಂದಕ್ಕೆ ಬಂದ್ರು, ಇನ್ನೇನು ಮಾಡ್ತಾರೆ. ಅವತ್ತಿಂದ ಕೆಂಚವ್ವನ ಕಾಲು ಸೋತು ಹೋದ್ವಂತೆ. ಎತ್ತಿ ಇಳಿಸಬೇಕು, ಎತ್ತಿ ಹತ್ತಿಸಬೇಕು. ಅವಳು ಮಕ್ಕಳನ್ನ ಕರೆದು ಹೇಳಿದ್ಲಂತೆ, ನೋಡ್ರಪ್ಪ, ಇನ್ನೊಂದು ಕಡೆ ಇಳಿಸಿ ಸಾಕು. ಅಲ್ಲಿಂದ ಎಬ್ಬಿಸಿದ್ರೆ ನಾನು ಏಳಲ್ಲ, ನೀವು ನನ್ನ ಅಲ್ಲೇ ಬಿಟ್ಟು ಹೋಗಬೇಕಾಗುತ್ತೆ, ಅಂತ.

ಆಮೇಲೆ ಅವರು ಬಂದು ಇಳಿದದ್ದು ಒಂದು ಮರಡಿ ಹತ್ರ. ಮರಡಿ ಅಂದ್ರೆ ಗೊತ್ತಲ್ಲ, ಬೆಟ್ಟವೂ ಅಲ್ಲ ಬಯಲೂ ಅಲ್ಲ, ಬೋಳು ದಿಬ್ಬ. ಮೇಲೆಲ್ಲಾ ಕೆಂಪು ಗರಸು, ಕಲ್ಲುಪುಡಿ ಮಣ್ಣು, ಅದರ ಕೆಳಗೆ ಬಂಡೆ. ಕೆಳಗಡೆ ಒಂದು ಹಳ್ಳ, ಅದರಾಚೆ ಒಂದು ಕೆರೆ. ಆ ಸೀಮೆ ನಾಯಕ ಕುದುರೆ ಮೇಲೆ ಬಂದು ಇವರನ್ನೆಲ್ಲ ನೋಡಿ ಹೇಳಿದ್ನಂತೆ, ಈ ಮರಡಿ ಮೇಲೆ ನನ್ನ ತಾತನ ಕಾಲದಿಂದ ಮೂರು ಗುಂಪು ಬಂದು ಕೂತು ಎದ್ದು ಹೋದವು, ನೆಲ ಹಿಡಿದು ಓಡಿ ಹೋಗೋರು ನನಗೆ ಬೇಡ. ಐದು ಮಳೆಗಾಲ ಕೊಡ್ತೀನಿ. ಐದನೇ ಮಳೆಗಾಲ ಕಳೆದು ಬರೋ ಯುಗಾದಿ ಹೊತ್ತಿಗೆ ನಾನು ಆ ಕೆರೆ ಏರಿ ಮೇಲೆ ನಿಂತು ನೋಡಿದ್ರೆ ಮರಡಿ ಹಸುರಾಗಿರಬೇಕು, ಅಂತ.

ಯುಗಾದೀಲಾ ಬುದ್ಧಿ, ಬಿರು ಬೇಸಿಗೇಲಾ, ಅಂತ ಕೆಂಗಪ್ಪ ಬಾಯಿ ಬಿಟ್ನಂತೆ.

ಮಳೇಲಿ ಪಾಚಿನೂ ಹಸುರಾಗುತ್ತೆ ಕಣಯ್ಯ, ಅಂದು ನಾಯಕ ಕುದುರೆ ತಿರುಗಿಸ್ಕೊಂಡು ಹೋದ್ನಂತೆ.

ಮೊದಲನೇ ಮಳೆ ಬಂತು. ದಾಸಯ್ಯ ಎದೆ ತಟ್ಕೊಂಡು ಮುಂದೆ ಬಂದ, ನೆಲ ಗಟ್ಟಿ ಇದ್ರೆ ನನ್ನ ರಟ್ಟೆ ಅದಕ್ಕಿಂತ ಗಟ್ಟಿ ಅಂದ. ಹನ್ನೆರಡು ಜೊತೆ ಎತ್ತು ಕಟ್ಟಿ ಗರಸನ್ನ ಉತ್ತಿದ್ದೇ ಉತ್ತಿದ್ದು, ಮೂರು ನೇಗಿಲು ಮುರಿದವಂತೆ. ರಾಗಿ ಚೆಲ್ಲಿದ್ರು. ರಾಗಿ ಮೊಳಕೆ ಬಂತು, ಎಲ್ಲರೂ ಕುಣಿದ್ರು. ಬೆರಳುದ್ದ ಬಂದದ್ದೇ ಅಲ್ಲೇ ನಿಂತುಬಿಡ್ತು. ಹಸುರಾಗಿದ್ದ ಎಲೆ ಹಳದಿಯಾಯ್ತು, ಆಮೇಲೆ ತುದಿಯಿಂದ ನೇರಳೆ ಬಣ್ಣಕ್ಕೆ ತಿರುಗ್ತು, ಏಟು ಬಿದ್ದ ಮೈಯಂಗೆ. ಮಳೆ ಬರ್ತಾನೇ ಇತ್ತು ಮಗಾ, ನೀರಿಗೆ ಕಡಿಮೆ ಇರಲಿಲ್ಲ. ಆ ಮಣ್ಣಲ್ಲಿ ತಿನ್ನೋಕೇನೂ ಇರಲಿಲ್ಲ ಅಷ್ಟೆ. ಬರೀ ನೀರು ಕುಡ್ಕೊಂಡು ಎಷ್ಟು ದಿನ ಇರೋಕಾಗುತ್ತೆ ಹೇಳು?

ಬೊಮ್ಮಕ್ಕನೂ ಗುಡಿಸಲ ಮಗ್ಗುಲಲ್ಲಿ ತನ್ನದೇ ಒಂದು ಚಿಕ್ಕ ಪಾತಿ ಮಾಡ್ಕೊಂಡಿದ್ಲಂತೆ. ಅವರೆ ಹಾಕಿದ್ಲು, ಅಲಸಂದೆ ಹಾಕಿದ್ಲು, ಸಿಕ್ಕ ಬೀಜವನ್ನೆಲ್ಲ ಹಾಕಿದ್ಲು. ಹಾಕಿ ಸುಮ್ಮನಿರಬೇಕಲ್ಲ? ಬೆಳಿಗ್ಗೆ ಎದ್ದು ಕಿತ್ತು ನೋಡೋಳು, ಬೇರು ಬಂತಾ. ಮತ್ತೆ ಹೂಳೋಳು. ಮಧ್ಯಾಹ್ನ ಕಿತ್ತು ನೋಡೋಳು, ಎಷ್ಟು ಬಂತು. ಸಂಜೆಗೆ ಗಿಡ ಬಾಡಿ ಮಲಗಿರೋದು. ಅಣ್ಣನ ರಾಗಿ ಸಾಲಿಗೂ ಹೋಗಿ ಕಿತ್ತು ಕಿತ್ತು ನೋಡಿದ್ಲು, ಅದರ ಬೇರು ಬಡಕಲು ಕೂದಲಂಗೆ ಗರಸಿನ ಮೇಲೇ ಹರಡ್ಕೊಂಡಿತ್ತು. ದಾಸಯ್ಯ ಕೋಲು ತಗೊಂಡು ಅಟ್ಟಿಸ್ಕೊಂಡು ಬಂದ್ನಂತೆ, ನೆಲ ಕೊಲ್ಲೋದಕ್ಕಿಂತ ನೀನೇ ಹೆಚ್ಚು ಕೊಲ್ತೀಯಲ್ಲೇ ಮಾರಿ, ಅಂತ. ಅವಳು ಓಡಿದ್ಲು, ನಗ್ತಾನೇ ಓಡಿದ್ಲು, ಆದ್ರೆ ಬಂಡೆ ಹಿಂದೆ ಹೋಗಿ ಕೂತ್ಕೊಂಡು ತನ್ನ ಕೈ ತಾನೇ ನೋಡ್ಕೊಂಡು ಅತ್ತಳಂತೆ. ತಪ್ಪು ಅಂತ ಅವಳಿಗೇ ಗೊತ್ತಿತ್ತು, ಆದ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ.

ಎರಡನೇ ಮಳೆಗೆ ಮುಂಚೇನೇ ಕೆಂಗಪ್ಪ ಮುಂದೆ ಬಂದ. ಮಣ್ಣು ಕೆಟ್ಟದಿದ್ರೆ ಒಳ್ಳೇ ಮಣ್ಣು ತಂದು ಹಾಕೋಣ, ಅದರಲ್ಲೇನಿದೆ, ಅಂದ. ಬೇಸಿಗೆಯೆಲ್ಲ ಕೆರೆ ಒಳಗಿನ ಗೋಡು ಅಗೆದು ಗಾಡೀಲಿ ಹೇರಿ ಹೇರಿ ಮರಡಿ ಮೇಲೆ ಹರಡಿದ್ರಂತೆ. ಕರ್ರಗೆ, ಬೆಣ್ಣೆ ಥರ ಮಣ್ಣು. ಹೆಂಗಸರು ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ಕೊಂಡ್ರಂತೆ, ಹಳೇ ಊರು ನೆನಪಾಗಿ. ಬಿತ್ತಿದ್ರು. ಆಮೇಲೆ ಒಂದೇ ಒಂದು ದಿನ, ಆನೆ ಸೊಂಡಿಲಲ್ಲಿ ಸುರಿದಂಗೆ ಮಳೆ ಬಂತು ನೋಡು, ಹಿಡ್ಕೊಳ್ಳೋಕೆ ಅಲ್ಲಿ ಒಂದು ಹುಲ್ಲಿನ ಬೇರೂ ಇಲ್ಲ, ಬೇಸಿಗೆಯೆಲ್ಲ ಹೊತ್ತ ಗೋಡು ಅರ್ಧ ಹೊತ್ತಲ್ಲಿ ಜಾರಿ ಹಳ್ಳಕ್ಕಿಳಿದು, ಹಳ್ಳದಿಂದ ಕೆರೆಗೆ ವಾಪಸು ಹೋಯ್ತಂತೆ. ಕೆಂಗಪ್ಪ ಮಾತು ನಿಲ್ಲಿಸಿಬಿಟ್ಟ. ಮೂರು ಒಕ್ಕಲು ಗಾಡಿ ಹೂಡ್ಕೊಂಡು ಹೊರಟೇ ಹೋದ್ರು. ಒಂಬತ್ತು ಉಳಿದವು. ಗಂಡಸರು ಕೆರೆ ಏರಿ ಕಟ್ಟೋ ಕೆಲಸಕ್ಕೆ ಹೋಗಿ ಸಂಜೆಗೆ ಕಾಳು ತರೋರು, ಅದರಲ್ಲೇ ಹೊಟ್ಟೆ.

ಎಲ್ಲರೂ ತಲೆ ಬಗ್ಗಿಸ್ಕೊಂಡು ಕೂತಿರುವಾಗ ಬೊಮ್ಮಕ್ಕ ಮಾತ್ರ ಕೂರಲಿಲ್ಲ. ಮರಡಿ ತುಂಬಾ ಓಡಾಡಿದ್ಲು. ಹಂಗೆ ಓಡಾಡ್ತಾ ಗಾಡಿ ನಿಲ್ಲಿಸೋ ಜಾಗದಲ್ಲಿ ನೋಡ್ತಾಳೆ, ಎತ್ತಿಗೆ ತಿನ್ನಿಸುವಾಗ ಚೀಲದಿಂದ ಉದುರಿದ ಹುರುಳಿ, ಯಾರೂ ಬಿತ್ತದೆ, ಯಾರೂ ಉಳದೆ, ಗರಸಿನ ಮೇಲೇ ಹುಟ್ಟಿ ದಟ್ಟಗೆ ಹಬ್ಬಿದೆ! ಹಸುರು ಅಂದ್ರೆ ಹಸುರು. ಅವಳ ಕೈ ಸುಮ್ಮನಿರುತ್ತಾ, ಕಿತ್ತೇಬಿಟ್ಲು. ನೋಡಿದ್ರೆ ಬೇರಿನ ತುಂಬಾ ಚಿಕ್ಕ ಚಿಕ್ಕ ಗಂಟು, ಸಾಸಿವೆ ಪೋಣಿಸಿದಂಗೆ. ಅಯ್ಯೋ ಇದಕ್ಕೆ ಯಾವುದೋ ರೋಗ ಬಂದಿದೆ ಅಂದ್ಕೊಂಡು ಅವ್ವನ ಹತ್ರ ಓಡಿದ್ಲಂತೆ.

ಕೆಂಚವ್ವ ಬೇರನ್ನ ಬೆರಳಲ್ಲಿ ಸವರಿ ನೋಡಿ, ಒಂದು ಗಂಟನ್ನ ಉಗುರಲ್ಲಿ ಹಿಸುಕಿದ್ಲು. ಒಳಗೆ ಕೆಂಪಗೆ, ರಕ್ತದ ಥರ. ರೋಗ ಬಂದಿದ್ರೆ ಎಲೆ ಹಿಂಗೆ ನಗ್ತಿತ್ತೇನೇ, ಅಂದ್ಲಂತೆ. ಇದು ರೋಗ ಅಲ್ಲ ಮಗಳೇ, ಬುತ್ತಿ. ಇದು ತನ್ನ ಊಟ ತಾನೇ ಗಂಟು ಕಟ್ಕೊಂಡು ಬಂದಿದೆ. ಇದರ ಪಕ್ಕದ ಹುಲ್ಲು ನೋಡ್ದಾ ನೀನು, ಅದು ಹೆಂಗಿತ್ತು?

ಬೊಮ್ಮಕ್ಕ ಮತ್ತೆ ಓಡಿ ಹೋಗಿ ನೋಡಿ ಬಂದ್ಲು. ಅವ್ವಾ, ಹುರುಳಿ ಮಗ್ಗುಲಿನ ಹುಲ್ಲು ಮೊಣಕಾಲುದ್ದ ಇದೆ, ದೂರದ್ದು ಒಣಗಿದೆ.

ಅಂದ್ರೆ ಬುತ್ತಿ ಹಂಚ್ಕೊಂಡು ತಿಂತಾವೆ, ಅಂದ್ಲು ಕೆಂಚವ್ವ.

ಇದು ಒಂದಾಯ್ತಾ. ಆಮೇಲೆ ಬೇಸಿಗೆ ಬಂತು. ಮರಡಿ ಕಾವಲಿ ಥರ ಕಾಯ್ತು. ಎಲ್ಲಾ ಒಣಗಿ ಹೋಗಿರುವಾಗ ನೆತ್ತಿ ಮೇಲೆ ಒಂದು ತಂಗಡಿ ಗಿಡ ಹಳದಿ ಹೂ ಬಿಟ್ಕೊಂಡು ನಿಂತಿತ್ತಂತೆ. ಇವಳಿಗೆ ತಲೆ ಕೆಟ್ಟು ಹೋಯ್ತು, ಇದಕ್ಕೆ ಯಾರು ಊಟ ಹಾಕ್ತಾರೆ ಅಂತ. ಹಾರೆ ತಗೊಂಡು ಅಗೆಯೋಕೆ ಶುರು ಮಾಡಿದ್ಲು. ಮೊದಲನೇ ದಿನ ಮೊಣಕಾಲುದ್ದ ಅಗೆದ್ಲು, ಬೇರು ಇನ್ನೂ ಕೆಳಕ್ಕೆ ಹೋಗ್ತಿತ್ತು. ಎರಡನೇ ದಿನ ಸೊಂಟದುದ್ದ ಅಗೆದ್ಲು, ಬಂಡೆ ಬಂತು, ಬೇರು ಮಾತ್ರ ಬಂಡೆ ಬಿರುಕಿನೊಳಗೆ ನುಸುಳ್ಕೊಂಡು ಹೋಗಿತ್ತು. ಮೂರನೇ ದಿನ ದಾಸಯ್ಯ ಬಂದು ನೋಡಿ ಬಯ್ಯೋಕೆ ಅಂತ ಬಾಯಿ ತೆಗೆದೋನು, ತಾನೂ ಗುಂಡಿಗಿಳಿದು ಹಾರೆ ಹಾಕಿ ಬಂಡೆ ಸೀಳಿದ್ನಂತೆ. ಆಳುದ್ದ ಕೆಳಗೆ, ಬಿರುಕಿನೊಳಗೆ ಕೈ ಹಾಕಿದ್ರೆ ತಣ್ಣಗೆ, ಒದ್ದೆ ಒದ್ದೆ ಜೇಡಿ. ಅಲ್ಲೀವರೆಗೂ ಹೋಗಿತ್ತು ಆ ಬೇರು. ನಾನು ಮೇಲೆ ಮೇಲೆ ಉತ್ತು ಸತ್ತೆನಲ್ಲೇ, ಅಂತ ದಾಸಯ್ಯ ಗುಂಡಿಯೊಳಗೇ ಕೂತುಬಿಟ್ನಂತೆ.

ಮೂರನೇ ಮಳೆಗೆ ಬೊಮ್ಮಕ್ಕ ಹಳ್ಳದ ದಂಡೆಯಿಂದ ಹೊಂಗೆ ಸಸಿ ಕಿತ್ತು ತರೋಕೆ ಹೋದ್ಲು. ಹತ್ತು ಸಸಿ. ಅವಳ ಚಟ ಬಿಡಬೇಕಲ್ಲ, ಬೇರು ಹೆಂಗಿದೆ ನೋಡೋಣ ಅಂತ ಒಂದೊಂದನ್ನೂ ಹಳ್ಳದ ನೀರಲ್ಲಿ ಫಳಫಳ ತೊಳೆದು ನೋಡಿ, ಆಮೇಲೆ ನೆಟ್ಲಂತೆ. ಹತ್ತನೇದನ್ನ ತೊಳೆಯೋ ಹೊತ್ತಿಗೆ ಗುಡುಗು ಬಂತು, ಹೆದರ್ಕೊಂಡು ಅದನ್ನ ಮಣ್ಣ ಹೆಂಟೆ ಸಮೇತ ಹಂಗೇ ತಂದು ನೆಟ್ಲು. ಹದಿನೈದು ದಿನಕ್ಕೆ ತೊಳೆದ ಒಂಬತ್ತೂ ಸತ್ತವು. ಕೊಳಕಿನದೊಂದು ಉಳೀತು.

ಇವಳು ಅದರ ಬುಡದ ಹೆಂಟೆಯನ್ನ ಮೆಲ್ಲಗೆ ಬಿಡಿಸಿ ನೋಡಿದ್ಲು. ಬೇರಿನ ಸುತ್ತ ಹತ್ತಿ ಎಳೆಗಿಂತ ಸಣ್ಣ ಬಿಳೀ ಎಳೆ, ಬೇರಿಂದ ಮಣ್ಣಿಗೆ, ಮಣ್ಣಿಂದ ಒಣಗಿದೆಲೆಗೆ, ಎಲೆಯಿಂದ ಪಕ್ಕದ ಹುಲ್ಲಿನ ಬೇರಿಗೆ ಹೆಣೆದ್ಕೊಂಡಿತ್ತು. ಮೂಸಿದ್ರೆ ಅಣಬೆ ವಾಸನೆ. ಒಂದು ಚೂರು ತಂದು ಅವ್ವನ ಮೂಗಿನ ಹತ್ರ ಹಿಡಿದ್ಲು. ಕೆಂಚವ್ವ ಕಣ್ಣು ಮುಚ್ಚಿ ಎಷ್ಟೋ ಹೊತ್ತು ಮೂಸಿ, ನಮ್ಮ ಹಳೇ ಊರಿನ ಮಣ್ಣು ಹಿಂಗೇ ಇರ್ತಿತ್ತು, ಅಂದ್ಲು. ಬೇರಿಗೆ ಎಟುಕದ್ದನ್ನ ಈ ಎಳೆ ಎಟುಕಿಸಿ ತಂದು ಕೊಡುತ್ತೆ ಅಂತ ಕಾಣುತ್ತೆ ಕಣೇ. ನೀನು ತೊಳೆದೆ ಅಂದ್ರೆ ಮಗೂನ ತಾಯಿಯಿಂದ ಬಿಡಿಸಿ ತಂದಂಗಾಯ್ತು. ಹುಟ್ಟಿದ ಜಾಗದ್ದು ಒಂದು ಹಿಡಿ ಮಣ್ಣು ಜೊತೇಲಿ ಬರದಿದ್ರೆ ಯಾರು ತಾನೇ ಬದುಕ್ತಾರೆ?

ಇಷ್ಟು ಹೊತ್ತಿಗೆ ಅಣ್ಣಂದಿರ ಹತ್ರ ಹೇಳೋಕೆ ಬೇರೆ ಉಪಾಯ ಏನೂ ಉಳಿದಿರಲಿಲ್ಲ. ಸರಿ, ನೀನು ಹೇಳ್ದಂಗೇ ಮಾಡೋಣ, ಅಂದ್ರಂತೆ. ಆ ಮಳೆಗೆ ಮರಡಿ ತುಂಬಾ ಉಳದೆ ಗೀರಿ ಹುರುಳಿ ಚೆಲ್ಲಿದ್ರು. ಹುರುಳಿ ಬಂತು ಮಗಾ! ಹಬ್ಬ ಹಬ್ಬ. ಕಾಯಿ ಬಲಿತಾಗ ಎಲ್ಲರೂ ಕೀಳೋಕೆ ಸೊಂಟ ಬಗ್ಗಿಸಿದ್ರೆ ಬೊಮ್ಮಕ್ಕ ಅಡ್ಡ ನಿಂತ್ಲು, ಕೀಳಬೇಡಿ, ಕುಡುಗೋಲಲ್ಲಿ ಕೊಯ್ಯಿರಿ, ಬೇರು ನೆಲದಲ್ಲೇ ಇರಲಿ.

ಹುರುಳಿ ಕೊಯ್ಯೋದು ಎಲ್ಲಾದ್ರೂ ಉಂಟೇನೇ, ಕೀಳೋದಲ್ವಾ, ಅಂತ ಜನ ನಕ್ರಂತೆ. ಮೂರು ಹೊತ್ತೂ ಕಿತ್ತು ನೋಡೋಳು ಈಗ ನಮಗೆ ಕೀಳಬೇಡಿ ಅಂತಾಳೆ!

ನಗ್ರಪ್ಪ, ಆದ್ರೆ ಬುತ್ತಿ ನೆಲದಲ್ಲೇ ಬಿಡ್ರಿ, ಅಂದ್ಲು. ನಕ್ಕೊಂಡೇ ಕೊಯ್ದ್ರು.

ನಾಲ್ಕನೇ ಮಳೆ ಬಂತು. ದಾಸಯ್ಯ ಹಾರೆ ಹಿಡಿದು ಬಂಡೆ ಬಿರುಕು ಹುಡುಕಿ ಹುಡುಕಿ ಗುಂಡಿ ಹೊಡೆದ, ಕೆಂಗಪ್ಪ ಹಳ್ಳದ ದಂಡೆಯಿಂದ ಮಂಕರಿ ತುಂಬಾ ಹೊಂಗೆ ಸಸಿ, ತಂಗಡಿ ಸಸಿ ಹೆಂಟೆ ಸಮೇತ ತಂದ, ಜೊತೆಗೆ ಗುಂಡಿಗೊಂದು ಹಿಡಿ ಅಲ್ಲಿಯದೇ ಮಣ್ಣು. ನಡು ನಡುವೆ ಹುರುಳಿ ಕೂಳೆ ಇದ್ದಲ್ಲೇ ರಾಗಿ. ರಾಗಿ ಈ ಸಲ ಮೊಣಕಾಲು ದಾಟ್ತು. ಆದ್ರೆ ಸಸಿಗಳು ಮಾತ್ರ, ಏನಂತೀಯ, ನೆಟ್ಟಾಗ ಎರಡು ಗೇಣಿದ್ದವು ನಲವತ್ತು ದಿನ ಆದ್ರೂ ಎರಡೇ ಗೇಣು. ಸಾಯ್ಲೂ ಇಲ್ಲ, ಬೆಳೀಲೂ ಇಲ್ಲ. ರಾಗಿ ಆರು ತಿಂಗಳಿಗೆ ಒಣಗೋದು, ಯುಗಾದೀಲಿ ಹಸುರಾಗಿರಬೇಕಾದ್ದು ಈ ಸಸಿಗಳೇ. ಎರಡು ಒಕ್ಕಲಿನವರು ಇದು ನೆಲದ ಶಾಪ, ಹೊರಡೋಣ ಅಂತ ಎತ್ತಿಗೆ ಲಾಳ ಹೊಡೆಸೋಕೆ ಶುರು ಮಾಡಿದ್ರು. ದಾಸಯ್ಯಂಗೂ ಮನಸ್ಸು ಹೊಯ್ದಾಡ್ತು.

ಬೊಮ್ಮಕ್ಕಂಗೆ ಆ ನಲವತ್ತು ದಿನ ಹೆಂಗೆ ಕಳೀತು ಅಂತ ಅವಳಿಗೇ ಗೊತ್ತು. ದಿನಾ ಪ್ರತಿ ಸಸಿ ಮುಂದೆ ಕುಕ್ಕರಗಾಲಲ್ಲಿ ಕೂರೋಳು, ಬೆರಳು ಮಣ್ಣಿನ ತನಕ ಹೋಗೋದು, ಎಳ್ಕೊಳ್ಳೋಳು. ಕಂಕುಳಲ್ಲಿ ಕೈ ಸಿಗಿಸ್ಕೊಂಡು ಓಡಿ ಹೋಗೋಳು. ಒಂದನ್ನೂ ಕೀಳಲಿಲ್ಲ! ಕೊನೆಗೆ ನಲವತ್ತೊಂದನೇ ದಿನ ಎಲ್ಲರನ್ನೂ ಕರೆದ್ಲು. ಒಂದೇ ಒಂದು ಕೀಳ್ತೀನಿ, ಎಲ್ಲರೂ ನೋಡಿ, ಆಮೇಲೆ ಬೇಕಾದ್ರೆ ಹೊರಡಿ, ಅಂದ್ಲು. ಒಂದು ಹೊಂಗೆ ಸಸಿ ಸುತ್ತ ಮೆಲ್ಲಗೆ ಅಗೆದ್ಲು, ಅಗೆದ್ಲು, ಎತ್ತಿ ಹಿಡಿದ್ಲು. ಮೇಲೆ ಎರಡು ಗೇಣು ಗಿಡ, ಕೆಳಗೆ ಅವಳ ಹೆಗಲಿಂದ ಪಾದದ ತನಕ ಬೇರು. ಅದರ ತುಂಬಾ ಗಂಟು, ಸುತ್ತ ಬಿಳೀ ಎಳೆ.

ಲಾಳ ಹೊಡೀತಿದ್ದೋನು ಸುತ್ತಿಗೆ ಕೆಳಗಿಟ್ಟ. ಇದು ಸುಮ್ಮನೆ ಕೂತಿಲ್ಲ ಕಣ್ರೋ, ಅಂದ ಕೆಂಗಪ್ಪ, ಎರಡು ವರ್ಷದ ಮೇಲೆ ಅವನು ನಕ್ಕಿದ್ದು ಅವತ್ತೇ ಅಂತೆ.

ಕಿತ್ತ ಆ ಸಸಿ ಬದುಕಲಿಲ್ಲ. ಬೊಮ್ಮಕ್ಕ ಅದನ್ನ ಮತ್ತೆ ನೆಟ್ಟು ನೀರು ಹಾಕಿದ್ಲು, ಬಾಡ್ತು. ಆಮೇಲೆ ಅವಳು ಯಾವ ಗಿಡವನ್ನೂ ಕೀಳಲಿಲ್ಲ.

ಐದನೇ ಮಳೇಲಿ ಹೊಂಗೆ ಎದೆ ಮಟ್ಟ ಬಂತು, ತಂಗಡಿ ಹೂವಾಯ್ತು, ರಾಗಿ ಕಣಜ ತುಂಬ್ತು. ಇನ್ನೇನು ಗೆದ್ವಿ ಅಂತ ಎಲ್ಲರೂ ಅಂದ್ಕೊಂಡ್ರು. ಯುಗಾದಿಗೆ ಮೂರು ವಾರ ಇತ್ತಂತೆ. ದಾಸಯ್ಯಂಗೆ ಒಂದು ಆಸೆ ಬಂತು, ಪಾಪ, ಕೆಟ್ಟದ್ದೇನಲ್ಲ. ನಾಯಕರು ಬರ್ತಾರೆ, ಒಣಗಿದ ಹುಲ್ಲು ತರಗು ಎಲ್ಲಾ ಸುಟ್ಟು ಅಂಗಳದಂಗೆ ಚೊಕ್ಕ ಮಾಡೋಣ ಅಂತ. ಬೆಳಿಗ್ಗೆ ಒಂದು ಮೂಲೇಲಿ ಬೆಂಕಿ ಇಟ್ಟ, ಕೈಲಿ ಹಸೀ ಸೊಪ್ಪು ಹಿಡ್ಕೊಂಡೇ ನಿಂತಿದ್ದ, ಹೊಡೆದು ಆರಿಸೋಕೆ. ಗಾಳಿ ತಿರುಗಿಬಿಡ್ತು. ಬೊಮ್ಮಕ್ಕ ಹಳ್ಳದಲ್ಲಿ ನೀರು ತುಂಬ್ಕೊಳ್ತಿದ್ದೋಳು ಹೊಗೆ ನೋಡಿ ಕೊಡ ಬಿಸಾಕಿ ಓಡಿ ಬಂದ್ಲು. ಒಂಬತ್ತು ಒಕ್ಕಲೂ ಸೊಪ್ಪು ಹಿಡ್ಕೊಂಡು ಬಡಿದ್ರು, ಗೋಣಿ ಒದ್ದೆ ಮಾಡಿ ಬಡಿದ್ರು. ಗುಡಿಸಲು ಉಳಿದವು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಮರಡಿ ಒಲೆ ತಳದಂಗೆ ಕರ್ರಗಾಗಿತ್ತಂತೆ. ಅಲ್ಲಲ್ಲಿ ಹೊಂಗೆ ಮೋಟು, ಇದ್ದಿಲು ಕಡ್ಡಿ ಥರ.

ದಾಸಯ್ಯನ ಎರಡೂ ಅಂಗೈ ಬೊಬ್ಬೆ. ಅವನು ಬೂದಿ ಮೇಲೇ ಕೂತ್ಕೊಂಡು, ನನ್ನ ಇದರಲ್ಲೇ ಹೂತುಬಿಡ್ರೋ ಅಂತ ಗೋಳಾಡಿದ್ನಂತೆ. ಯಾರು ಏನು ಅಂತ ಸಮಾಧಾನ ಹೇಳ್ತಾರೆ? ಬೊಮ್ಮಕ್ಕಂಗೂ ಬಾಯಿಗೆ ಬಂದದ್ದೆಲ್ಲ ಬಯ್ಯಬೇಕು ಅನ್ನಿಸ್ತು. ಅವಳು ಬಯ್ಯಲಿಲ್ಲ, ಅಣ್ಣನ ಕೈಗೆ ಲೋಳೆಸರ ಹಚ್ಚಿದ್ಲು. ಹಚ್ಚಿ, ಎದ್ದು ಹೋಗಿ ಒಂದು ಮೋಟಿನ ಬುಡದಲ್ಲಿ ಮಣ್ಣು ಸರಿಸಿ ಉಗುರಲ್ಲಿ ತೊಗಟೆ ಗೀರಿದ್ಲು. ಮೇಲೆ ಕಪ್ಪು. ಅದರ ಕೆಳಗೆ ಹಸಿ ಹಸಿ ಹಸುರು. ಮಣ್ಣು ಮುಚ್ಚಿದ್ಲು.

ಯುಗಾದಿ ದಿನ ನಾಯಕ ಬಂದ. ಕೆರೆ ಏರಿ ಮೇಲೆ ನಿಂತು ನೋಡಿದ್ರೆ ಮರಡಿ ಕರೀ ಕಂಬಳಿ ಹೊದ್ದಂಗಿದೆ. ಮೇಲೆ ಬಂದು ಹೇಳಿದ್ನಂತೆ, ನಾನು ಹಸುರು ಕೇಳಿದೆ, ನೀವು ಕಪ್ಪು ಮಾಡಿದ್ರಿ. ಎದ್ದು ಹೊರಡಿ.

ಬೊಮ್ಮಕ್ಕ ಮುಂದೆ ಬಂದು, ಬುದ್ಧಿ, ಇನ್ನು ಹನ್ನೆರಡು ದಿನ ಕೊಡಿ, ಅಂದ್ಲು.

ಐದು ವರ್ಷ ಕೊಟ್ಟೆನಲ್ಲ ತಂಗಿ, ಅದು ಸಾಲದೆ ಹನ್ನೆರಡು ದಿನ ಯಾಕೆ?

ಐದು ವರ್ಷ ಬೇರಿಗೆ ಹಿಡೀತು ಬುದ್ಧಿ. ಎಲೆಗೆ ಹನ್ನೆರಡು ದಿನ ಸಾಕು.

ನಾಯಕ ಅವಳ ಮುಖ ನೋಡಿದ, ಸುಟ್ಟ ಮೋಟು ನೋಡಿದ. ಮಳೆಯಿಲ್ಲ, ಏನಿಲ್ಲ, ಎಲ್ಲಿಂದ ಬರುತ್ತೆ ಎಲೆ, ಅಂದ. ಅಂದ್ರೂ ಅವನಿಗೇ ಕುತೂಹಲ ಆಯ್ತಂತೆ. ಸರಿ, ಕೆರೆ ಹತ್ರ ಡೇರೆ ಹಾಕ್ತೀನಿ, ಹದಿಮೂರನೇ ದಿನ ನೀವು ಇಲ್ಲಿರಬಾರದು ಇಲ್ಲಾ ಎಲೆ ಇರಬೇಕು, ಅಂದು ಹೋದ.

ಆ ದಿನಗಳನ್ನ ಏನು ಹೇಳಲಿ ಮಗಾ. ಒಂದನೇ ದಿನ ಏನಿಲ್ಲ. ಎರಡನೇ ದಿನ ಏನಿಲ್ಲ. ಮೂರನೇ ದಿನ ದಾಸಯ್ಯ ಹೋಗಿ ಮೋಟು ಕೆದಕೋಕೆ ಶುರು ಮಾಡಿದ, ಬೊಮ್ಮಕ್ಕ ಓಡಿ ಹೋಗಿ ಅವನ ರಟ್ಟೆ ಹಿಡಿದ್ಲು. ಅಣ್ಣಾ ಕೈ ಹಾಕಬೇಡ. ಬದುಕಿದೆಯೋ ಇಲ್ವೋ ನೋಡ್ತೀನಿ ಕಣೇ, ಅಂದ ಅವನು. ಬದುಕಿದ್ರೆ ನೀನು ನೋಡಿದ್ದಕ್ಕೇ ಸಾಯುತ್ತೆ, ನನಗೆ ಗೊತ್ತು, ನಾನು ಎಷ್ಟು ಕೊಂದಿಲ್ಲ, ಅಂದ್ಲು. ನಾಲ್ಕನೇ ದಿನ ಕೆಂಗಪ್ಪ ನೀರು ಹೊತ್ಕೊಂಡು ಹೊರಟ, ಅವನಿಗೂ ಬೇಡ ಅಂದ್ಲು, ಮೇಲೆ ನೀರು ಕಂಡ್ರೆ ಬೇರು ಮೇಲಕ್ಕೆ ಮುಖ ಮಾಡುತ್ತೆ, ಬಿಸಿಲಿಗೆ ಸಾಯುತ್ತೆ. ಹಿಂಗೆ ಎಲ್ಲರನ್ನೂ ತಡೆದ್ಲು, ತನ್ನನ್ನ ಯಾರು ತಡೀಬೇಕು? ಕಾಲು ತಡೀದೆ ದಿನಕ್ಕೆ ಮೂರು ಸಲ ಮರಡಿ ಸುತ್ತು ಹಾಕೋಳು. ಅನ್ನ ಇಳೀತಿರಲಿಲ್ಲ. ಏಳನೇ ದಿನ ಕೆಂಚವ್ವ ಅವಳನ್ನ ಕರೆದು, ಬಾ ಇಲ್ಲಿ, ನಿನ್ನ ಕೈ ಎರಡೂ ಕೊಡು ಅಂತ ತನ್ನ ಕೈಲಿ ಹಿಡಿದು ಕೂರಿಸ್ಕೊಂಡ್ಲಂತೆ. ಬೊಮ್ಮಕ್ಕನ ಬೆರಳು ಅವ್ವನ ಅಂಗೈಲಿ ಗುಬ್ಬಚ್ಚಿ ಮರಿ ಥರ ಒದ್ದಾಡ್ತಿದ್ವು.

ಅವ್ವಾ, ಬರದಿದ್ರೆ?

ಬರದಿದ್ರೆ ನೀವು ಹೋಗ್ತೀರ, ನಾನು ಇಲ್ಲೇ ಇರ್ತೀನಿ. ಅದನ್ನ ನಾನು ಯಾವಾಗಲೋ ಒಪ್ಪಿದ್ದೀನಿ, ನೀನು ಅದಕ್ಕೆ ಹೆದರಬೇಡ.

ನನಗೆ ಒಪ್ಪಿಗೆಯಿಲ್ಲ, ಅಂದ್ಲು ಬೊಮ್ಮಕ್ಕ, ಅಂದು ಅತ್ಲು. ಎಂಟನೇ ದಿನ ಎರಡು ಗಾಡಿ ಹೂಡಿ ನಿಂತವು.

ಒಂಬತ್ತನೇ ದಿನ ಬೆಳಿಗ್ಗೆ ಬಿಸಿಲು ಏರೋ ಹೊತ್ತಲ್ಲಿ ಅವಳು ಸುತ್ತು ಹಾಕ್ತಾ ಒಂದು ಮೋಟಿನ ಬುಡದಲ್ಲಿ ಕೆಂಪಗೆ ಏನೋ ಕಂಡ್ಲಂತೆ. ಕೆಂಜಿಗ ಇರಬೇಕು ಅಂದ್ಕೊಂಡ್ಲು. ಬಗ್ಗಿ ನೋಡಿದ್ರೆ ಅಲ್ಲಾಡ್ತಿಲ್ಲ. ತಾಮ್ರದ ಬಣ್ಣದ ಚಿಗುರು, ಅಕ್ಕಿ ಕಾಳಷ್ಟು. ಪಕ್ಕದ ಮೋಟಿನಲ್ಲಿ ಮೂರು. ಅದರಾಚೆ ಏಳು. ಅವಳು ಮುಟ್ಟಲಿಲ್ಲ ಮಗಾ, ಕೈ ಹಿಂದಕ್ಕೆ ಕಟ್ಕೊಂಡು ಅಲ್ಲೇ ಕಂಬದಂಗೆ ನಿಂತಿದ್ಲಂತೆ. ದಾಸಯ್ಯ ಹುಡುಕ್ಕೊಂಡು ಬಂದು ನೋಡಿ ಬೊಬ್ಬೆ ಆರದ ಕೈ ಮುಗಿದು ನೆಲಕ್ಕೆ ಬಿದ್ದ. ಹತ್ತನೇ ದಿನ ಚಿಗುರು ಬೆರಳುದ್ದ, ಹನ್ನೊಂದಕ್ಕೆ ತಾಮ್ರ ಹೋಗಿ ಹಸುರು, ಹನ್ನೆರಡಕ್ಕೆ ತಂಗಡಿ ಬುಡವೂ ಒಡೀತು, ಗರಸಿನ ಬಿರುಕು ಬಿರುಕಿಂದ ಎಣ್ಣೆ ಸವರಿದಂಗೆ ಫಳಫಳ ಹೊಳೆಯೋ ಎಲೆ. ಒಂದು ಹನಿ ಮಳೆಯಿಲ್ಲ. ಕೆಳಗೆ ಬಯಲಲ್ಲಿ ಒಳ್ಳೇ ಮಣ್ಣಿನ ಹೊಲಗಳೆಲ್ಲ ಒಣಗಿ ಬಾಯಿ ಬಿಟ್ಕೊಂಡಿವೆ, ಮೇಲೆ ಈ ಕಪ್ಪು ಮರಡಿಯೊಂದೇ ಹಸುರು.

ಹದಿಮೂರನೇ ದಿನ ನಾಯಕ ಏರಿ ಮೇಲೆ ನಿಂತು ನೋಡಿದ. ನೋಡಿ ಕುದುರೆ ಇಳಿದು ನಡ್ಕೊಂಡೇ ಹತ್ತಿ ಬಂದ. ಒಂದು ಚಿಗುರಿನ ಮುಂದೆ ಕೂತು, ಕೈ ಚಾಚಿ, ಕಿತ್ತು ನೋಡ್ಲಾ ಅಂತ ಬೊಮ್ಮಕ್ಕನ ಕಡೆ ತಿರುಗಿದ್ನಂತೆ.

ಬೇಡಿ ಬುದ್ಧಿ, ನಾನು ನೋಡಿದ್ದೀನಿ, ನಾನು ಹೇಳ್ತೀನಿ, ಅಂತ ಅವಳು ಅಲ್ಲೇ ಕೂತು ಎಲ್ಲಾ ಹೇಳಿದ್ಲು. ಬುತ್ತಿ ಗಂಟಿನ ವಿಷಯ, ಬಂಡೆ ಬಿರುಕಿನ ವಿಷಯ, ಬಿಳೀ ಎಳೆ ವಿಷಯ. ಸೊಂಪಾದ ಮಣ್ಣಲ್ಲಿ ಬೇರು ಸೋಮಾರಿಯಾಗುತ್ತೆ ಬುದ್ಧಿ, ಇಲ್ಲಿ ಅದಕ್ಕೆ ಹುಡುಕದೆ ಗತಿಯಿಲ್ಲ, ಅಂದ್ಲು. ನಾಯಕ ಪೂರ್ತಿ ಕೇಳಿದ. ಕೇಳಿ ಎದ್ದು, ಇನ್ನು ನಿಮ್ಮನ್ನ ಇಲ್ಲಿಂದ ಎಬ್ಬಿಸೋರು ಯಾರೂ ಇಲ್ಲ ಅಂತ ಊರ ಕಲ್ಲು ನೆಡಿಸಿದ್ನಂತೆ. ಹೂಡಿದ್ದ ಎರಡು ಗಾಡಿಯವರು ನಾಚ್ಕೊಂಡು ಎತ್ತು ಬಿಚ್ಚಿದ್ರಂತೆ.

ಅವತ್ತು ಕೆಂಚವ್ವ ಗಂಡುಮಕ್ಕಳಿಬ್ಬರ ಹೆಗಲ ಮೇಲೆ ಕೈ ಹಾಕ್ಕೊಂಡು ಆಚೆ ಬಂದ್ಲು. ಅಷ್ಟು ವರ್ಷ ಅವರು ಬಿಡಿ ಕಲ್ಲು ಮೂರಿಟ್ಕೊಂಡು ಅಡಿಗೆ ಮಾಡ್ತಿದ್ರಲ್ಲ, ಈಗ ಕೆಂಚವ್ವ ಮರಡಿಯ ಕೆಂಪು ಮಣ್ಣು ಜರಡಿ ಹಿಡಿಸಿ, ನೀರು ಹಾಕಿಸಿ, ತಾನೇ ಕೂತು ನಾದಿ, ನೆಲಕ್ಕೆ ಅಂಟಿಸಿ ಒಲೆ ಹಾಕಿದ್ಲಂತೆ, ಇನ್ನು ಎತ್ಕೊಂಡು ಹೋಗೋಕಾಗದ ಅಂಥ ಒಲೆ. ಬೊಮ್ಮಕ್ಕ ಒಲೆ ಒಣಗಿತಾ ಅಂತ ಬೆರಳಿಟ್ಟು ನೋಡೋಕೆ ಹೋದ್ಲು, ಅವ್ವ ಕೈ ಮೇಲೆ ಒಂದು ಬಿಟ್ಲು, ಎಲ್ಲರೂ ನಕ್ರು. ಒಣಗಿದ ಮೇಲೆ ಅದರಲ್ಲಿ ಮೊದಲನೇ ಬೆಂಕಿ ಹಚ್ಚಿ ರಾಗಿ ಮುದ್ದೆ ಕಟ್ಟಿ, ಹುರುಳಿ ಸಾರು ಕಾಸಿ, ಒಂಬತ್ತು ಒಕ್ಕಲೂ ಸಾಲಾಗಿ ಕೂತು ಉಂಡ್ರಂತೆ. ಬೊಮ್ಮಕ್ಕನೂ ಕೂತ್ಲು. ಒಂದು ಸಲವೂ ಏಳದೆ ಎರಡು ಮುದ್ದೆ ತಿಂದ್ಲಂತೆ.

ಅವರ ಮುದ್ದೆ ಅವರಿಗೆ ಅರಗಿತು, ನನ್ನ ಬಾಯಿ ಒಣಗಿತು, ಕತೆ ಇಲ್ಲಿಗೆ ಮುಗೀತು. ಹೂಂ ಅನ್ನೋದು ನಿಂತು ಎಷ್ಟು ಹೊತ್ತಾಯ್ತೋ ಏನೋ. ಮಲಗು ನನ್ನ ಕಂದ.